ಹತ್ತು ದಿನದ ಮಿಷನ್ ತಂಡದೊಂದಿಗೆ ಮಗಳನ್ನು ಗ್ವಾಟೆಮಾಲಾಕ್ಕೆ ಕಳುಹಿಸಬಹುದೇ?

ಪ್ರಶ್ನೆ: ಬೆಟಗೇರಿಯವಳು, ಈಗ ಡಾಲಸ್

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ನನ್ನ ಮಗಳಿಗೆ ಈಗ ಹದಿನೇಳು ವರ್ಷ. ಶಾಲೆಯ ಫುಟ್‌ಬಾಲ್ ತಂಡದಲ್ಲಿ ನಾಲ್ಕು ವರ್ಷಗಳಿಂದ ಆಡುತ್ತಿದ್ದಾಳೆ. ನಾವು ಹೋಗುವ ಚರ್ಚಿನ ಸಭೆಯ ಯೌವನಸ್ಥರ ಕೂಟದಿಂದ ಹನ್ನೆರಡು ಜನರ ತಂಡವೊಂದು ಬರುವ ಜುಲೈ ತಿಂಗಳಲ್ಲಿ ಹತ್ತು ದಿನಗಳ ಮಟ್ಟಿಗೆ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಬೆಟ್ಟದ ಸೀಮೆಯ ಒಂದು ಊರಿಗೆ ಹೋಗಿ, ಅಲ್ಲಿಯ ಮಕ್ಕಳಿಗೆ ಫುಟ್‌ಬಾಲ್ ಶಿಬಿರವನ್ನೂ ವಿ.ಬಿ.ಎಸ್. (ರಜೆಯ ಬೈಬಲ್ ಶಾಲೆ) ಅನ್ನೂ ನಡೆಸಿಕೊಡಲಿದೆ. ತಲೆಗೆ 2,400 ಡಾಲರ್ ಖರ್ಚು; ಅದನ್ನು ಮಕ್ಕಳೇ ಬಂಧುಬಳಗಕ್ಕೆ ಪತ್ರ ಬರೆದು ಕೂಡಿಸಬೇಕೆಂಬುದು ಇಲ್ಲಿಯ ರೂಢಿ. ಮಗಳು ಬರೆದ ಪತ್ರ ಹುಬ್ಬಳ್ಳಿಯಲ್ಲಿರುವ ನನ್ನ ಅಣ್ಣನಿಗೂ ತಲುಪಿತು. ಅವನು ಫೋನ್ ಮಾಡಿ, "ತಂಗಿ, ಅಷ್ಟು ರೊಕ್ಕದಾಗ ನಮ್ಮ ಸಭೆಯ ಹುಡುಗರಿಗೆ ಎಷ್ಟು ಬೇಸಿಗೆ ವಿ.ಬಿ.ಎಸ್. ಮಾಡಬಹುದು, ಲೆಕ್ಕ ಹಾಕೀಯೇನು?" ಎಂದು ಕೇಳಿಬಿಟ್ಟ. ಅಂದಿನಿಂದ ನನಗೆ ಸಮಾಧಾನವಿಲ್ಲ.

ನಾನು ವಿ.ಬಿ.ಎಸ್.ನಲ್ಲಿಯೇ ಬೆಳೆದವಳು. ಮೇ ತಿಂಗಳ ಬಿಸಿಲು, ಚರ್ಚಿನ ಪಡಸಾಲೆಯ ಚಾಪೆ, ಕೈಸನ್ನೆಯ ಹಾಡುಗಳು, ಹತ್ತೂವರೆಗೆ ಒಂದು ಬನ್ನು ಮತ್ತು ಬಾಳೆಹಣ್ಣು, ಕೊನೆಯ ದಿನ ತಂದೆತಾಯಿಯರ ಮುಂದೆ ವಚನ ಒಪ್ಪಿಸುವುದು. ನನ್ನ ವಿಶ್ವಾಸದ ಬೇರು ಅಲ್ಲಿದೆ ಎಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ನಮಗೆ ಕಲಿಸಿದವರು ನಮ್ಮ ಓಣಿಯ ಅಕ್ಕಂದಿರು, ನಮ್ಮ ಸಭಾಪಾಲಕರ ಹೆಂಡತಿ. ಭಾಷೆ ಬಾರದ ಮಕ್ಕಳು ವಿಮಾನ ಹತ್ತಿ ಹೋಗಿ ಇದನ್ನೇ ಮಾಡಿದರೆ ಆ ಊರಿನ ಮಕ್ಕಳಿಗೆ ನಿಜವಾಗಿ ಉಪಯೋಗವಾಗುತ್ತದೆಯೇ, ಅಥವಾ ಉಪಯೋಗವೆಲ್ಲ ನನ್ನ ಮಗಳಿಗೇ ಆಗುತ್ತದೆಯೇ? ಒಪ್ಪುವ ಮೊದಲು ಸಭೆಯವರನ್ನು ಏನು ಕೇಳಬೇಕು? ಇಂಥ ತಂಡಗಳನ್ನು ನಡೆಸಿದವರು, ಇಂಥ ತಂಡಗಳನ್ನು ಬರಮಾಡಿಕೊಂಡವರು ಇಲ್ಲಿದ್ದರೆ ದಯವಿಟ್ಟು ಮುಚ್ಚುಮರೆಯಿಲ್ಲದೆ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ: ನಿವೃತ್ತ ಪಿ.ಟಿ. ಮಾಸ್ತರ, ಧಾರವಾಡ

ತಂಗಿ, ನಾನು ಗ್ವಾಟೆಮಾಲಾ ಕಂಡವನಲ್ಲ. ಮೂವತ್ತೊಂದು ವರ್ಷ ಮಕ್ಕಳಿಗೆ ಆಟ ಕಲಿಸಿದ್ದೇನೆ, ಅಷ್ಟರ ಬಲದ ಮೇಲೆ ಬರೆಯುತ್ತಿದ್ದೇನೆ.

ಆಟಕ್ಕೂ ಮಿಷನ್ ಕೆಲಸಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಬಾಸ್ಕೆಟ್‌ಬಾಲ್ ಹುಟ್ಟಿದ್ದೇ 1891ರಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. (ಕ್ರೈಸ್ತ ಯುವಕರ ಸಂಘ) ತರಬೇತಿ ಶಾಲೆಯಲ್ಲಿ, ದೇವಶಾಸ್ತ್ರ ಓದಿದ್ದ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಗೆ ಬಡಿದು ಆಡಿಸಿದ ಆಟ ಅದು. ನಾಲ್ಕು ವರ್ಷಗಳ ನಂತರ ವಾಲಿಬಾಲ್ ಕೂಡ ವೈ.ಎಂ.ಸಿ.ಎ.ಯ ಅಂಗಳದಲ್ಲಿಯೇ ಹುಟ್ಟಿತು. ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬವರು ಮದ್ರಾಸಿಗೆ ಬಂದು 1920ರಲ್ಲಿ ದೈಹಿಕ ಶಿಕ್ಷಣದ ಶಾಲೆ ತೆರೆದರು. ಇಂದಿನ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಅದೇ. ನನಗೆ ಆಟ ಕಲಿಸಿದ ಮಾಸ್ತರರು ಅಲ್ಲಿ ತಯಾರಾದವರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತದ ತಂಡವನ್ನು ಸಿದ್ಧಗೊಳಿಸುವುದರಲ್ಲಿಯೂ ಬಕ್ ಅವರ ಕೈಯಿತ್ತು. ಅವರು ಹತ್ತು ದಿನಕ್ಕೆ ಬಂದವರಾಗಿರಲಿಲ್ಲ. 1943ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯ ಮಾಸ್ತರರನ್ನು ತಯಾರು ಮಾಡುತ್ತಲೇ ಇದ್ದರು. ಗಮನಿಸಬೇಕಾದದ್ದು ಇದು: ಅವರು ನೇರವಾಗಿ ಮಕ್ಕಳಿಗೆ ಕಲಿಸಿದ್ದಕ್ಕಿಂತ ಮಕ್ಕಳಿಗೆ ಕಲಿಸುವವರಿಗೆ ಕಲಿಸಿದ್ದೇ ಹೆಚ್ಚು.

ಅದೇ ಪ್ಯಾರಿಸ್‌ನಲ್ಲಿ 400 ಮೀಟರ್ ಓಟದ ಚಿನ್ನ ಗೆದ್ದವರು ಎರಿಕ್ ಲಿಡೆಲ್. ಭಾನುವಾರ ಓಡುವುದಿಲ್ಲವೆಂದು 100 ಮೀಟರ್ ಓಟವನ್ನೇ ಕೈಬಿಟ್ಟರೆಂಬ ಕಥೆಯನ್ನು ನಮ್ಮ ಸಂಡೇ ಸ್ಕೂಲುಗಳಲ್ಲಿ ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಹೇಳುವವರು ಕಡಿಮೆ. ಮರುವರ್ಷವೇ ಚೀನಾಕ್ಕೆ ಶಿಕ್ಷಕರಾಗಿ ಹೋದ ಅವರು ಯುದ್ಧಕಾಲದಲ್ಲಿ ಜಪಾನೀಯರ ಬಂಧನ ಶಿಬಿರದಲ್ಲಿ ಸಿಕ್ಕಿಬಿದ್ದು, ಅಲ್ಲಿದ್ದ ಮಕ್ಕಳಿಗೆ ಆಟ ಆಡಿಸುತ್ತಿದ್ದರು. ಭಾನುವಾರ ಹಿರಿಯರಿಲ್ಲದೆ ಹಾಕಿ ಆಡಿದ ಹುಡುಗರು ಜಗಳಕ್ಕೆ ಬಿದ್ದಾಗ, ಒಲಿಂಪಿಕ್ಸ್‌ನಲ್ಲಿಯೂ ಮುರಿಯದ ತಮ್ಮ ನಿಯಮವನ್ನು ಮುರಿದು ಮುಂದಿನ ಭಾನುವಾರ ತಾವೇ ಅಂಪೈರ್ ಆಗಿ ನಿಂತರು. 1945ರಲ್ಲಿ ಆ ಶಿಬಿರದಲ್ಲಿಯೇ ತೀರಿಕೊಂಡರು. ಅಂಥ ತೀರ್ಮಾನ ಮಕ್ಕಳ ಜೊತೆಗೆ ವರ್ಷಗಟ್ಟಲೆ ಇದ್ದವರಿಂದ ಮಾತ್ರ ಸಾಧ್ಯ.

ಹತ್ತು ದಿನಗಳಲ್ಲಿ ಚೆಂಡನ್ನು ಕಾಲಿನಿಂದ ತಡೆದು ನಿಲ್ಲಿಸುವುದನ್ನು ಕಲಿಸಬಹುದು. ಪಾಸು ಕೊಡದ ಹುಡುಗ ತಾನಾಗಿ ಪಾಸು ಕೊಡುವಂತೆ ಮಾಡಲು ನನಗೆ ಒಂದು ಪೂರ್ತಿ ಟರ್ಮ್ ಬೇಕಾಗುತ್ತಿತ್ತು. ಆದ್ದರಿಂದ ನನ್ನ ಪ್ರಶ್ನೆ ಒಂದೇ: ಆ ಊರಿನಲ್ಲಿ ಮಕ್ಕಳನ್ನು ವಾರವಾರವೂ ಆಡಿಸುವ ಮನುಷ್ಯ ಒಬ್ಬನಾದರೂ ಇದ್ದಾನೆಯೇ? ಇದ್ದರೆ ಸೀಟಿ ಅವನ ಬಾಯಲ್ಲಿರಲಿ, ನಿಮ್ಮ ಮಗಳು ಅವನ ಕೈಕೆಳಗೆ ಕೆಲಸ ಮಾಡಲಿ. ಇಲ್ಲದಿದ್ದರೆ ಅದು ಮಕ್ಕಳಿಗೆ ಒಂದು ಜಾತ್ರೆ. ಜಾತ್ರೆಯೂ ಬೇಕು, ಆದರೆ ಅದಕ್ಕೆ ಸೇವೆ ಎಂಬ ಹೆಸರು ಬೇಡ.

ಉತ್ತರ: ಬೇ ಏರಿಯಾದ ಕನ್ನಡಿಗ, ಕ್ಯಾಲಿಫೋರ್ನಿಯಾ

ನಮ್ಮ ಸಭೆಯ ತಂಡದೊಂದಿಗೆ ಗ್ವಾಟೆಮಾಲಾದ ಒಂದೇ ಊರಿಗೆ ಐದು ಸಲ ಹೋಗಿಬಂದವನು ನಾನು. ಕೊನೆಯ ಎರಡು ಸಲ ತಂಡದ ಹೊಣೆಯೂ ನನ್ನದಾಗಿತ್ತು. ಮಾಸ್ತರರ ಮಾತಿಗೆ ನನ್ನ ಸಹಮತವಿದೆ. ಆದರೆ ಒಪ್ಪಿಕೊಳ್ಳುವುದಕ್ಕೆ ನಮಗೆ ಮೂರು ವರ್ಷ ಹಿಡಿಯಿತು.

ಮೊದಲು ಕ್ಯಾಲೆಂಡರ್ ನೋಡಿ. ಗ್ವಾಟೆಮಾಲಾದಲ್ಲಿ ಶಾಲೆ ಜನವರಿಯಲ್ಲಿ ಆರಂಭವಾಗಿ ಅಕ್ಟೋಬರ್‌ನಲ್ಲಿ ಮುಗಿಯುತ್ತದೆ; ಅವರ ದೊಡ್ಡ ರಜೆ ನವೆಂಬರ್ ಮತ್ತು ಡಿಸೆಂಬರ್. ಜುಲೈ ರಜೆ ಅಮೆರಿಕದ ಮಕ್ಕಳದ್ದು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಲ್ಲಿ ಮಳೆಗಾಲ, ಮಳೆ ಸುರಿಯುವುದು ಹೆಚ್ಚಾಗಿ ಮಧ್ಯಾಹ್ನದ ನಂತರ. ಅಂದರೆ ಬಿಸಿಲಿರುವ ಬೆಳಗಿನಲ್ಲಿ ಮಕ್ಕಳು ಶಾಲೆಯಲ್ಲಿರುತ್ತಾರೆ, ಮಕ್ಕಳು ಬಿಡುವಾಗುವ ಹೊತ್ತಿಗೆ ಮಳೆ ಬರುತ್ತದೆ. ನಮ್ಮ ಮೊದಲ ವರ್ಷದ ಶಿಬಿರಕ್ಕೆ ಬೆಳಗ್ಗೆ ಎಂಬತ್ತು ಮಕ್ಕಳು ಬಂದಾಗ ನಾವು ಸಂತೋಷಪಟ್ಟೆವು. ಮೂರನೆಯ ದಿನ ಶಾಲೆಯ ಮುಖ್ಯಶಿಕ್ಷಕಿ ಬಂದು, ತಮ್ಮ ತರಗತಿಗಳು ಖಾಲಿ ಬಿದ್ದಿವೆ ಎಂದು ಬಹಳ ಮರ್ಯಾದೆಯಿಂದ ಹೇಳಿಹೋದರು. ಅಂದಿನ ನಾಚಿಕೆ ನನಗೆ ಇನ್ನೂ ಹೋಗಿಲ್ಲ. ಈಗ ನಮ್ಮ ತಂಡ ಹೋಗುವುದು ನವೆಂಬರ್ ಕೊನೆಯ ವಾರದಲ್ಲಿ, ಹನ್ನೆರಡರ ಬದಲು ಐದೇ ಜನ.

ಎರಡನೆಯದು ಭಾಷೆ. ಬೆಟ್ಟದ ಸೀಮೆಯ ಅನೇಕ ಮಕ್ಕಳ ಮನೆಮಾತು ಸ್ಪ್ಯಾನಿಷ್ ಅಲ್ಲ. ಕಾಕ್ಚಿಕೆಲ್, ಕಿಚೆ ಮುಂತಾದ ಮಾಯಾ ಭಾಷೆಗಳು. ಸ್ಪ್ಯಾನಿಷ್ ಬೈಬಲ್ ಮಾರಲು 1917ರಲ್ಲಿ ಗ್ವಾಟೆಮಾಲಾಕ್ಕೆ ಹೋದ ಕ್ಯಾಮರೂನ್ ಟೌನ್‌ಸೆಂಡ್ ಎಂಬ ಯುವಕನಿಗೆ ತನ್ನ ಪುಸ್ತಕವನ್ನು ಕಾಕ್ಚಿಕೆಲ್ ಜನ ಓದಲಾರರೆಂದು ತಿಳಿದ ಮೇಲೆ, ಅವನು ಅಲ್ಲಿಯೇ ನಿಂತು ಅವರ ಭಾಷೆ ಕಲಿತು, ಹೊಸ ಒಡಂಬಡಿಕೆಯನ್ನು ಅದಕ್ಕೆ ತಂದ. ವಿಕ್ಲಿಫ್ ಎಂಬ ಬೈಬಲ್ ಅನುವಾದ ಸಂಸ್ಥೆಯ ಮೂಲ ಅದೇ. ನೂರು ವರ್ಷದ ಮೇಲೆ ನಾವು ಹೋಗಿ ಇಂಗ್ಲಿಷಿನಲ್ಲಿ ಕಥೆ ಹೇಳಿ, ಒಬ್ಬರು ಅದನ್ನು ಸ್ಪ್ಯಾನಿಷಿಗೆ, ಇನ್ನೊಬ್ಬರು ಕಾಕ್ಚಿಕೆಲ್‌ಗೆ ತಿರುಗಿಸಿ, ಬೈಬಲ್ ಕಥೆಯ ದಾವೀದನ ಕಲ್ಲು ದೈತ್ಯ ಗೊಲ್ಯಾತನ ಹಣೆಗೆ ಬಡಿಯುವಷ್ಟರಲ್ಲಿ ಹಿಂದಿನ ಸಾಲಿನ ಮಕ್ಕಳು ಎದ್ದುಹೋಗಿದ್ದರು. ಈಗ ಕಥೆ ಹೇಳುವವರು ಅಲ್ಲಿಯ ಸಂಡೇ ಸ್ಕೂಲ್ ಶಿಕ್ಷಕಿ. ನಮ್ಮ ಹುಡುಗರು ಗೊಲ್ಯಾತನ ವೇಷ ಹಾಕುತ್ತಾರೆ.

ಇನ್ನು ಆಟ. ಅಲ್ಲಿಯ ಊರುಗಳಲ್ಲಿ ಸಿಮೆಂಟಿನ ಸಣ್ಣ ಅಂಕಣದಲ್ಲಿ ಐದೈದು ಜನ ಆಡುವ ಫುಟ್‌ಬಾಲ್‌ಗೆ ಪಾಪಿ ಫುಟ್‌ಬಾಲ್ ಎನ್ನುತ್ತಾರೆ. ನಮ್ಮ ಕಿವಿಗೆ ಅದು ಹೇಗೆ ಕೇಳುತ್ತದೆಂದು ವಿವರಿಸಬೇಕಿಲ್ಲ. ಪಾಪಿಗಳನ್ನು ಹುಡುಕಿಕೊಂಡು ಹೋದವರಿಗೆ ಆಟದಲ್ಲಿಯೇ ಸಿಕ್ಕರು ಎಂದು ನಾವು ನಕ್ಕಿದ್ದೆವು. ವಿಷಯ ಏನೆಂದರೆ, ನಾವು ಹುಲ್ಲಿನ ಮೈದಾನಕ್ಕೆಂದು ದಾನವಾಗಿ ಕೂಡಿಸಿ ಒಯ್ದ ಮೊಳೆಯಡಿಯ ಬೂಟುಗಳು ಆ ಸಿಮೆಂಟಿನ ಮೇಲೆ ಜಾರುತ್ತಿದ್ದವು. ಒಯ್ದ ಚೆಂಡುಗಳೆಲ್ಲ ದೊಡ್ಡವರ ಐದನೆಯ ಅಳತೆಯವು; ಎಂಟರಿಂದ ಹನ್ನೆರಡರ ಮಕ್ಕಳಿಗೆ ನಾಲ್ಕನೆಯ ಅಳತೆ ಬೇಕು. ಹುಡುಗಿಯರು ಕೋರ್ತೆ ಎಂಬ, ನೇಯ್ದ ಉದ್ದನೆಯ ಸುತ್ತುಲಂಗ ಉಟ್ಟು ಬಂದರು. ಚಡ್ಡಿ ಕೊಡೋಣವೇ ಎಂದು ನಮ್ಮವರೊಬ್ಬರು ಕೇಳಿದರು. ನಮ್ಮ ಅಮ್ಮಂದಿರು ಲಂಗ ಎತ್ತಿ ಕಟ್ಟಿ ಖೋಖೋ ಆಡಿದ್ದನ್ನು ಕಂಡಿದ್ದ ನಾನು ಬೇಡವೆಂದೆ. ಅವರು ಲಂಗದಲ್ಲಿಯೇ ನಮ್ಮ ಹುಡುಗರ ಕಾಲಿನಿಂದ ಚೆಂಡು ಕಸಿದರು. ಆ ಊರು ಎರಡು ಸಾವಿರ ಮೀಟರ್ ಎತ್ತರದಲ್ಲಿದೆ. ಮೊದಲೆರಡು ದಿನ ನಮ್ಮವರಿಗೆ ಉಸಿರೇ ಸಾಲದು.

ಫೋಟೊ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗ್ವಾಟೆಮಾಲಾದಿಂದ ಸಾವಿರಾರು ಶಿಶುಗಳು ವಿದೇಶಕ್ಕೆ ದತ್ತು ಹೋಗುತ್ತಿದ್ದ ಕಾಲವೊಂದಿತ್ತು. ಅಕ್ರಮಗಳು ಹೊರಬಿದ್ದು 2007ರ ಕೊನೆಗೆ ಹೊಸ ಕಾನೂನು ಬಂದ ಮೇಲೆ ಅದು ನಿಂತಿತು. ವಿದೇಶಿಯರು ಮಕ್ಕಳನ್ನು ಕದಿಯುತ್ತಾರೆಂಬ ಭಯ ಇನ್ನೂ ಜನರ ಮನಸ್ಸಿನಲ್ಲಿದೆ. 2000ದಲ್ಲಿ ತೋದೋಸ್ ಸಾಂತೋಸ್ ಎಂಬ ಊರಿನ ಸಂತೆಯಲ್ಲಿ ಅಂಥ ವದಂತಿಯಿಂದ ಕೆರಳಿದ ಗುಂಪು ಒಬ್ಬ ಜಪಾನಿ ಪ್ರವಾಸಿಯನ್ನೂ ಒಬ್ಬ ಬಸ್ ಚಾಲಕನನ್ನೂ ಕೊಂದುಹಾಕಿತು. ಹಾಗಾಗಿ ನಮ್ಮ ತಂಡದಲ್ಲಿ ಮಕ್ಕಳ ಫೋಟೊ ತೆಗೆಯುವ ಹಕ್ಕು ಯಾರಿಗೂ ಇಲ್ಲ. ತಾಯಂದಿರು ಒಪ್ಪಿದರೆ ಅಲ್ಲಿಯ ಸಭೆಯವರೇ ತೆಗೆಯುತ್ತಾರೆ. ಯಾವ ಮಗುವಿನೊಂದಿಗೂ ಒಬ್ಬರೇ ಇರಕೂಡದು, ಊರಿಗೆ ಮರಳಿದ ಮೇಲೆ ಖಾಸಗಿಯಾಗಿ ಮೆಸೇಜು ಕಳುಹಿಸಕೂಡದು, ಹದಿನೆಂಟು ದಾಟಿದ ಪ್ರತಿಯೊಬ್ಬರ ಪೊಲೀಸ್ ಹಿನ್ನೆಲೆ ಪರಿಶೀಲನೆ ಆಗಿರಬೇಕು. ಇಷ್ಟನ್ನು ನಿಮ್ಮ ಸಭೆ ಬರಹದಲ್ಲಿ ಕೊಡದಿದ್ದರೆ ಮಗಳನ್ನು ಕಳುಹಿಸಬೇಡಿ.

ಕೊನೆಗೆ, ಬರೆಯಲು ಹಿಂಜರಿಕೆಯಾಗುವ ಒಂದು ಮಾತು. ಕೊನೆಯ ದಿನ, ಯೇಸುವನ್ನು ಸ್ವೀಕರಿಸಿದವರು ಕೈ ಎತ್ತಿ ಎಂದು ಕೇಳಿ ಎಣಿಸಿಕೊಂಡು ಬಂದು ಇಲ್ಲಿ ವರದಿ ಕೊಡುವ ಪದ್ಧತಿ ನಮ್ಮಲ್ಲಿಯೂ ಇತ್ತು. ಮುಂದಿನ ಹಲ್ಲು ಬಿದ್ದ ಹುಡುಗನೊಬ್ಬ ಮೊದಲ ವರ್ಷ ಕೈ ಎತ್ತಿದ. ಎರಡನೆಯ ವರ್ಷ ಹೊಸ ಹಲ್ಲು ಬಂದಿತ್ತು, ಕೈ ಎತ್ತಿದ. ಮೂರನೆಯ ವರ್ಷವೂ ಎತ್ತಿದ. ಅತಿಥಿಗಳು ಕೇಳಿದರೆ ಇಲ್ಲವೆನ್ನುವುದು ಮರ್ಯಾದೆಯಲ್ಲವೆಂದು ಅವನ ಅಜ್ಜಿ ಕಲಿಸಿದ್ದರು, ಅಷ್ಟೆ. ನಮ್ಮ ವರದಿಗಳಲ್ಲಿ ಅವನು ಮೂರು ಆತ್ಮಗಳಾಗಿ ದಾಖಲಾಗಿದ್ದಾನೆ.

ಉತ್ತರ: ಲೆಕ್ಕದವನು, ಬೆಂಗಳೂರು

ನಿಮ್ಮ ಅಣ್ಣನ ಮಾತು ಒರಟಾಗಿದ್ದರೂ ಲೆಕ್ಕ ಸರಿಯಾಗಿದೆ. ಹನ್ನೆರಡು ಜನಕ್ಕೆ 2,400 ಎಂದರೆ 28,800 ಡಾಲರ್. 1998ರ ಮಿಚ್ ಚಂಡಮಾರುತದ ನಂತರ ಪಕ್ಕದ ಹೊಂಡುರಾಸ್‌ನಲ್ಲಿ ಮನೆ ಕಟ್ಟಲು ಹೋದ ಅಲ್ಪಾವಧಿ ತಂಡಗಳ ಬಗ್ಗೆ ಅಲ್ಲಿಯೇ ನೆಲೆಸಿದ್ದ ಕರ್ಟ್ ವೆರ್ ಬೀಕ್ ಎಂಬ ಕ್ರೈಸ್ತ ಸಮಾಜಶಾಸ್ತ್ರಜ್ಞರು ಅಧ್ಯಯನ ಮಾಡಿದ್ದಾರೆ. ಸ್ಥಳೀಯ ಸಂಸ್ಥೆಯೊಂದು ಸುಮಾರು 2,000 ಡಾಲರ್‌ಗೆ ಕಟ್ಟುತ್ತಿದ್ದ ಮನೆಗೆ, ಪ್ರಯಾಣದ ಖರ್ಚೂ ಸೇರಿ, ತಂಡಗಳು ಸುಮಾರು 30,000 ಡಾಲರ್ ವ್ಯಯಿಸಿದ್ದವು. ಮನೆ ಪಡೆದವರ ಬದುಕಿನಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಹೋಗಿಬಂದವರಲ್ಲಿ ಆದ ಬದಲಾವಣೆಯೂ ಹೆಚ್ಚಾಗಿ ನಿಲ್ಲಲಿಲ್ಲ. ಹಣ ಕಳುಹಿಸಿ, ಅಲ್ಲಿಯ ಒಬ್ಬ ತರಬೇತುದಾರನಿಗೆ ಸಂಬಳ ಕೊಡಿ.

ಬೇ ಏರಿಯಾದ ಕನ್ನಡಿಗ (ಮೇಲಿನವರಿಗೆ)

ಅಧ್ಯಯನ ನಿಜ, ತಕರಾರಿಲ್ಲ. ಆದರೆ ಸಭೆಯ ಜನ ಆ ಊರನ್ನು ಕಣ್ಣಾರೆ ಕಾಣದೆ ಆ ತರಬೇತುದಾರನ ಸಂಬಳಕ್ಕೆ ಎರಡನೆಯ ವರ್ಷವೂ ಹಣ ಕೊಡುತ್ತಾರೆಂದು ನೀವು ನಂಬಿದ್ದರೆ, ನೀವು ಸಭೆಯ ಖಜಾಂಚಿಯ ಕೆಲಸ ಮಾಡಿದವರಲ್ಲ ಎಂದು ಕಾಣುತ್ತದೆ. ನಾವು ಈಗ ಎರಡನ್ನೂ ಮಾಡುತ್ತೇವೆ. ತಂಡ ಚಿಕ್ಕದಾದದ್ದರಿಂದ ಉಳಿದ ಹಣವೇ ಅಲ್ಲಿಗೆ ಹೋಗುತ್ತದೆ.

ಉತ್ತರ: ಕೊಳ್ಳೇಗಾಲದವಳು

ಇದುವರೆಗೆ ಬರೆದವರೆಲ್ಲ ಹೋದವರು ಇಲ್ಲವೇ ಲೆಕ್ಕ ಹಾಕಿದವರು. ನಾನು ತಂಡವನ್ನು ಎದುರುಗೊಳ್ಳಲು ಸಾಲಾಗಿ ನಿಂತ ಮಕ್ಕಳಲ್ಲಿ ಒಬ್ಬಳು.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಮಿಷನ್ ಹಾಸ್ಟೆಲೊಂದರಲ್ಲಿದ್ದೆ. ನಾನಾಗ ಐದನೆಯ ತರಗತಿ. ಹೊರದೇಶದಿಂದ ಬಂದ ಏಳೆಂಟು ಯುವಕ ಯುವತಿಯರು ನಾಲ್ಕು ದಿನ ನಮ್ಮೊಂದಿಗೆ ಇದ್ದರು. ಅವರು ಹೇಳಿದ ಕಥೆ ಯಾವುದೆಂದು ನನಗೆ ನೆನಪಿಲ್ಲ. ನೆನಪಿರುವುದು ಪ್ಯಾರಾಚೂಟ್‌ನಂಥ ಒಂದು ಬಣ್ಣಬಣ್ಣದ ದೊಡ್ಡ ಬಟ್ಟೆ. ಮೂವತ್ತು ಜನ ಅದರ ಅಂಚು ಹಿಡಿದು ಒಮ್ಮೆಗೇ ಮೇಲಕ್ಕೆ ಎತ್ತಿದರೆ ಅದು ಗಾಳಿ ತುಂಬಿಕೊಂಡು ಗುಡಾರದಂತೆ ನಿಲ್ಲುತ್ತಿತ್ತು. ಅದು ಇಳಿಯುವಷ್ಟರಲ್ಲಿ ಹೆಸರು ಕರೆದವರು ಅದರ ಕೆಳಗಿನಿಂದ ಆಚೆಗೆ ಓಡಬೇಕು. ಕೆಳಗೆ ಓಡುವಾಗ ಬೆಳಕೆಲ್ಲ ಕೆಂಪು, ಹಳದಿ, ನೀಲಿ. ಕೊನೆಯ ದಿನ ಅವರು ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ವ್ಯಾನ್ ಹತ್ತಿದರು. ಆಮೇಲೆ ನಾವು ವಾರಗಟ್ಟಲೆ ಹಾಸ್ಟೆಲಿನ ಹೊದಿಕೆಯಿಂದ ಆ ಆಟ ಆಡಲು ನೋಡಿದೆವು, ಅದು ಹರಿದು ವಾರ್ಡನ್ನರಿಂದ ಏಟು ತಿನ್ನುವವರೆಗೂ.

ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರಲ್ಲಿ ಒಬ್ಬ ಅಕ್ಕ ನನಗೆ ದಿನವೂ ಜಡೆ ಹಾಕಿದಳು, ವಿಳಾಸ ಬರೆದುಕೊಟ್ಟಳು. ನಾನು ಮೂರು ಪತ್ರ ಬರೆದೆ, ಒಂದಕ್ಕೆ ಉತ್ತರ ಬಂತು. ಉತ್ತರ ಬಾರದ ಪತ್ರಗಳಲ್ಲಿ ನಾನು ಏನೋ ತಪ್ಪು ಬರೆದಿರಬೇಕೆಂದು ಎಷ್ಟೋ ದಿನ ಅಂದುಕೊಂಡಿದ್ದೆ.

ನನಗೆ ಇಂದಿಗೂ ಕಹಿಯಾಗಿರುವುದು ಬೇರೆ. ಸ್ವಾಗತದ ದಿನ ನಮ್ಮನ್ನು ನಿಲ್ಲಿಸಿ ಪರಿಚಯ ಮಾಡಿಕೊಡುವಾಗ ದುಭಾಷಿಯು ನಮ್ಮನ್ನು ಅನಾಥ ಮಕ್ಕಳು ಎಂದರು. ನಮ್ಮಲ್ಲಿ ಹೆಚ್ಚಿನವರಿಗೆ ತಂದೆತಾಯಿ ಇದ್ದರು. ನನ್ನ ಅಪ್ಪ ಕೂಲಿ ಮಾಡಿ, ಹತ್ತಿರದಲ್ಲಿ ಶಾಲೆ ಇಲ್ಲವೆಂದು ನನ್ನನ್ನು ಅಲ್ಲಿ ಬಿಟ್ಟಿದ್ದ. ಅಷ್ಟು ಇಂಗ್ಲಿಷ್ ನನಗೆ ಆಗಲೇ ಅರ್ಥವಾಗುತ್ತಿತ್ತು. ಇದು ನಮ್ಮ ಹಾಸ್ಟೆಲಿನ ಕಥೆ ಮಾತ್ರವಲ್ಲ. ಅತಿಥಿಗಳ ಕರುಣೆಗಾಗಿ, ಅವರ ಹಣಕ್ಕಾಗಿ, ತಂದೆತಾಯಿ ಇರುವ ಮಕ್ಕಳನ್ನೇ ಅನಾಥಾಲಯಗಳಲ್ಲಿ ತುಂಬಿಸುವುದು ಹಲವು ದೇಶಗಳಲ್ಲಿ ದಂಧೆಯಾಗಿದೆ. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಅನಾಥಾಲಯಗಳ ಸ್ವಯಂಸೇವಾ ಪ್ರವಾಸದ ಅಪಾಯವನ್ನು ಎತ್ತಿ ಹೇಳಿತು. ಆದ್ದರಿಂದ ಅಮ್ಮಾ, ಶಿಬಿರ ನಡೆಯುವುದು ಊರಿನ ಅಂಕಣದಲ್ಲಿಯೋ, ಸಂಜೆ ಮಕ್ಕಳು ತಮ್ಮ ತಮ್ಮ ಮನೆಗೆ ಹೋಗುತ್ತಾರೋ ಎಂಬುದನ್ನು ಮೊದಲು ಕೇಳಿ. ಕಾರ್ಯಕ್ರಮದಲ್ಲಿ ಅನಾಥಾಲಯದ ಭೇಟಿ ಇದ್ದರೆ ಅದನ್ನು ತೆಗೆಸಿ.

ನಾನು ಈಗ ನಮ್ಮ ಸಭೆಯ ವಿ.ಬಿ.ಎಸ್. ನಡೆಸುತ್ತೇನೆ. ನಮ್ಮಲ್ಲಿಯೂ ಆ ಬಣ್ಣದ ಬಟ್ಟೆ ಇದೆ, ದರ್ಜಿಯಿಂದ ಹೊಲಿಸಿದ್ದು. ವರ್ಷವಿಡೀ ಅದು ಸಂಡೇ ಸ್ಕೂಲಿನ ಬೀರುವಿನಲ್ಲಿಯೇ ಇರುತ್ತದೆ, ಮಕ್ಕಳು ಕೇಳಿದಾಗ ತೆಗೆಯುತ್ತೇವೆ.

ಬೆಟಗೇರಿಯವಳು (ಮೂರು ವಾರಗಳ ನಂತರ)

ಎಲ್ಲರಿಗೂ ಕೃತಜ್ಞತೆಗಳು. ಕೊಳ್ಳೇಗಾಲದ ಸಹೋದರಿ ಬರೆದದ್ದನ್ನು ಮಗಳಿಗೆ ಓದಿ, ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ತಾನು ಬರೆದ ಪತ್ರವನ್ನು ತೆಗೆದು, "ಏನೂ ಇಲ್ಲದ ಮಕ್ಕಳು" ಎಂಬ ಸಾಲನ್ನು ಹೊಡೆದುಹಾಕಿದಳು.

ಸಭೆಯವರೊಂದಿಗೆ ಎರಡು ಸಲ ಕುಳಿತು ಮಾತಾಡಿದೆ. ಮಕ್ಕಳ ರಕ್ಷಣೆಯ ನಿಯಮಗಳು ಬರಹದಲ್ಲಿವೆ, ನೋಡಿದೆ. ಅನಾಥಾಲಯದ ಭೇಟಿ ಒಂದು ಮಧ್ಯಾಹ್ನದ ಮಟ್ಟಿಗೆ ಇತ್ತು; ಕೇಳಿದ ಮೇಲೆ ತೆಗೆದರು. ಟಿಕೆಟ್ ಕಾಯ್ದಿರಿಸಿಬಿಟ್ಟಿರುವುದರಿಂದ ಈ ಸಲ ಜುಲೈ ತಪ್ಪಿಸಲಾಗದು, ಮುಂದಿನ ವರ್ಷದಿಂದ ನವೆಂಬರ್ ಎಂದರು. ಶಾಲೆಯ ವೇಳೆಯನ್ನು ಬಿಟ್ಟು, ಮಳೆಯಿದ್ದರೆ ಚರ್ಚಿನೊಳಗೆ, ಇಲ್ಲದಿದ್ದರೆ ಅಂಕಣದಲ್ಲಿ, ಸಂಜೆ ಎರಡು ತಾಸು ಮಾತ್ರ ಆಡಿಸುವುದೆಂದು ತೀರ್ಮಾನವಾಗಿದೆ. ಕೈ ಎತ್ತಿಸುವ ವಿಚಾರದಲ್ಲಿ ಯೌವನಸ್ಥರ ನಾಯಕರಿಗೂ ನನಗೂ ಒಮ್ಮತವಾಗಲಿಲ್ಲ. ಅದು ಹಾಗೆಯೇ ಉಳಿದಿದೆ.

ಮಾಸ್ತರರು ಕೇಳಿದ ಪ್ರಶ್ನೆಯನ್ನೇ ನಾನು ಮೊದಲು ಕೇಳಿದೆ. ಆ ಊರಿನಲ್ಲಿ ಮಕ್ಕಳನ್ನು ಶನಿವಾರ ಶನಿವಾರ ಆಡಿಸುವವರೊಬ್ಬರು ಇದ್ದಾರೆ, ಬಡಗಿಯ ಕೆಲಸದವರು. ಅವರನ್ನು ಇದುವರೆಗೆ ಯಾರೂ ಏನು ಬೇಕೆಂದು ಕೇಳಿರಲಿಲ್ಲವಂತೆ. ಸಭೆಯ ಸ್ಪ್ಯಾನಿಷ್ ಬಲ್ಲ ಸಹೋದರರೊಬ್ಬರು ವಾಟ್ಸಾಪಿನಲ್ಲಿ ಕೇಳಿದಾಗ ಅವರು ಕಳುಹಿಸಿದ ಉತ್ತರವನ್ನು ಮಗಳು ಅನುವಾದಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ: ಚೆಂಡುಗಳು ಬೇಡ, ಹಿಂದಿನ ತಂಡಗಳು ಕೊಟ್ಟ ಇಪ್ಪತ್ತಮೂರು ಚೆಂಡುಗಳು ಗಾಳಿಯಿಲ್ಲದೆ ಮೂಲೆಯಲ್ಲಿವೆ, ಗಾಳಿ ಹೊಡೆಯುವ ಪಂಪು ಒಂದು, ಸೂಜಿಗಳು ಒಂದು ಡಜನ್, ಸಾಧ್ಯವಾದರೆ ತನಗೊಂದು ಸೀಟಿ.